ಅಕ್ಕ ಕಾಯುತ್ತಿದ್ದರು

ಮೊನ್ನೆ ನಿಪ್ಪಟ್ಟಿನ ಹಿಟ್ಟಿಗೆ ಹಾಕಲೆಂದು ಓಮದ ಡಬ್ಬಿಯ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಸೆಕ್ಟರ್ ಫೈವ್‌ನ ಆ ಕಾಲ್ ಸೆಂಟರಿನ ಎಸಿ ಹಾಲ್ ಕಣ್ಣಮುಂದೆ ಬಂತು. ಸಾಲು ಸಾಲು ಹೆಡ್‌ಫೋನು, ಪಕ್ಕದ ಕುರ್ಚಿಯಲ್ಲಿ ಗಂಟಲು ಕಟ್ಟದಿರಲೆಂದು ಓಮ ಅಗಿಯುತ್ತ ಕುಳಿತ ಅಕ್ಕ...

ಅಕ್ಕ ಧಾರವಾಡದ ಕಡೆಯವರು. ಅವರ ಯಜಮಾನರಿಗೆ ಖಿದಿರ್‌ಪುರದ ಬಂದರಿನಲ್ಲಿ ನೌಕರಿ. ಮಕ್ಕಳು ದೊಡ್ಡವರಾದ ಮೇಲೆ, ನಲವತ್ತು ದಾಟಿದ ಮೇಲೆ, ಅಕ್ಕ ಮೊದಲ ಸಲ ಕೆಲಸಕ್ಕೆ ಬಂದಿದ್ದರು. "ಎಂಟು ದಿನಾ ಮಾಡಿ ಬಿಡ್ತೀ, ನೋಡು" ಎಂದು ಯಜಮಾನರು ನಕ್ಕಿದ್ದರಂತೆ. ಅದಕ್ಕೇ ಆ ಕೆಲಸವನ್ನು ಹಲ್ಲು ಕಚ್ಚಿ ಹಿಡಿದಿದ್ದರು. ನಾನೋ ಡಮ್ ಡಮ್‌ನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಬೆಳೆದ ಮೈಸೂರು ಕಡೆಯ ಹುಡುಗಿ, ಕಾಲೇಜು ಆಗಷ್ಟೇ ಮುಗಿದಿತ್ತು. ಇಡೀ ಹಾಲ್‌ನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ.

ಕಂಪನಿಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ಕಾಲ. ಆ ವರ್ಷ ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ. ಅವರ ಸಂಜೆ ಎಂದರೆ ನಮ್ಮ ಬೆಳಗು. ಅಲ್ಲಿನ ಮನೆಗಳಿಗೆ ಫೋನ್ ಮಾಡಿ, ಪರದೆಯ ಮೇಲಿದ್ದ ಪ್ರಶ್ನೆಯನ್ನು ಓದಬೇಕಿತ್ತು. ಚುನಾವಣೆಯ ಸುದ್ದಿಯನ್ನು ನೀವು ಎಷ್ಟು ಗಮನಿಸುತ್ತಿದ್ದೀರಿ? ಬಹಳ, ಸ್ವಲ್ಪ, ಇಲ್ಲವೇ ಇಲ್ಲ... ಗಂಡಸರು ಪ್ರಶ್ನೆ ಮುಗಿಯುವ ಮೊದಲೇ "ಬಹಳ" ಎನ್ನುತ್ತಿದ್ದರು. ಹೆಂಗಸರು ಮಾತ್ರ ನನಗೇನು ಗೊತ್ತು, ನಮ್ಮವರನ್ನು ಕೇಳಿ ಎನ್ನುತ್ತಿದ್ದರು. ಎಲ್ಲರ ಮನೆ ದೋಸೆಯೂ ತೂತೇ ಎಂದು ನನಗೆ ಆಗ ಮನವರಿಕೆಯಾಯಿತು.

ಆದರೆ ಅಕ್ಕ ಮಾಡಿದ ಕರೆಗಳಲ್ಲಿ ಗಂಡಸರ ಉತ್ತರವೂ ಹೆಂಗಸರ ಉತ್ತರವೂ ಹೆಚ್ಚುಕಡಿಮೆ ಒಂದೇ ಸಮ ಬರುತ್ತಿತ್ತು. ಮ್ಯಾನೇಜರ್‌ಗೆ ಅನುಮಾನ ಬಂತು. ಫೋನೇ ಮಾಡದೆ ಉತ್ತರ ತುಂಬುತ್ತಿದ್ದಾರೆ ಎಂದುಕೊಂಡ. ನನ್ನನ್ನು ಕರೆದು, "ನಿನಗೆ ಅವರ ಭಾಷೆ ಬರುತ್ತಲ್ಲ, ಅವರಿಗೆ ಸಂಶಯ ಬಾರದು, ಕಲಿಯುವ ನೆಪದಲ್ಲಿ ಪಕ್ಕದಲ್ಲಿ ಕೂತು ಕೇಳು" ಎಂದ. ನಾನಾದರೂ ಎಂಥವಳು! ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ನನ್ನ ಹುಟ್ಟುಗುಣ. ಈ ಅಕ್ಕನ ಸೌಮ್ಯ ಮುಖ ಕಂಡಾಗಲೇ ಏನೋ ಇದೆ ಎನ್ನಿಸಿತ್ತು ನನಗೆ. ಅದೇ ಲೈನಿಗೆ ಇನ್ನೊಂದು ಹೆಡ್‌ಫೋನ್ ಹಾಕಿಕೊಂಡು ಕೂತು ಕೇಳಿದೆ.

ಒಬ್ಬ ಹೆಂಗಸು "ಇಲ್ಲಪ್ಪ, ನಾನು ಗಮನಿಸುವುದೇ ಇಲ್ಲ" ಎಂದಳು. ಅಕ್ಕ ಮುಂದಿನ ಪ್ರಶ್ನೆಗೆ ಹೋಗಲಿಲ್ಲ. ಸುಮ್ಮನೆ ಕುಳಿತರು. ಲೈನ್ ಕಟ್ಟಾಯಿತೇನೋ ಎಂದುಕೊಂಡೆ, ಆದರೆ ಆಚೆ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ ಆಕೆಯೇ ಶುರು ಮಾಡಿದಳು. ಟಿವಿಯಲ್ಲಿ ಬಂದ ಅಭ್ಯರ್ಥಿಗಳ ವಾದವನ್ನು ಅಡುಗೆಮನೆಯಿಂದಲೇ ಪೂರ್ತಿ ಕೇಳಿದ್ದಳಂತೆ. ಆಸ್ಪತ್ರೆ ಖರ್ಚಿನ ಮಾತು ಬಂದಾಗ ಇಬ್ಬರೂ ಜಾರಿಕೊಂಡರಂತೆ. "ಹಾಗಾದರೆ ಬಹಳ ಅಂತಲೇ ಹಾಕಿಕೊಳ್ಳಿ" ಎಂದು ಆಕೆಯೇ ಹೇಳಿದಳು.

ಮುಂದಿನವನು ಒಬ್ಬ ಗಂಡಸು. ಕೇಳಿದ್ದೇ "ಬಹಳ" ಎಂದ. ಅಕ್ಕ ಅವನಿಗೂ ಕಾದರು. ಅವನು ಕೆಮ್ಮಿದ. "ಅಂದರೆ... ಪೇಪರಿನಲ್ಲಿ ದಪ್ಪ ಅಕ್ಷರದ್ದು ಮಾತ್ರ ಓದುತ್ತೇನೆ. ಸ್ವಲ್ಪ ಅಂತ ಹಾಕಿ" ಎಂದ. ನನಗೆ ನಗು ತಡೆಯಲಾಗಲಿಲ್ಲ.

ಆದರೂ ಅನುಮಾನ ಪೂರ್ತಿ ಹೋಗಲಿಲ್ಲ. ಟೀ ಕುಡಿಯುವಾಗ, "ಅಕ್ಕಾ, ಸುಮ್ನಿದ್ದು ಅವರ ಬಾಯಿಂದ ನಿಮಗೆ ಬೇಕಾದ್ದನ್ನ ಹೊರಡಿಸ್ತಿಲ್ಲ ತಾನೆ?" ಎಂದೆ.

"ನಾ ಏನರ ಹೇಳಿಕೊಟ್ಟೇನೇನವಾ? ಮೊದಲನೇ ಮಾತು ರೂಢಿದು ಇರ್ತದ. ಎರಡನೇದು ಅವರದು."

ನಾನು ಮ್ಯಾನೇಜರ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕರೆಗಳೆಲ್ಲ ನಿಜ, ಅಕ್ಕ ಕಾಯುತ್ತಾರೆ ಅಷ್ಟೇ ಎಂದೆ. ಅವರ ಪರವಾಗಿಯೇ ಆಡಿದ ಮಾತು ಅದು. ಅವನು ಅದನ್ನೇ ಹಿಡಿದುಕೊಂಡ. ಕಾಯಬೇಕೆಂದು ಎಲ್ಲೂ ಬರೆದಿಲ್ಲ, ಮೊದಲ ಉತ್ತರವೇ ಉತ್ತರ, ಆಗದಿದ್ದರೆ ಕೆಲಸ ಬಿಡಿ ಎಂದು ಮಾರನೆಯ ದಿನ ಎಲ್ಲರೆದುರು ಅಕ್ಕನಿಗೆ ಹೇಳಿದ. ಅಕ್ಕ ಹೆಡ್‌ಫೋನ್ ತೆಗೆದಿಟ್ಟರು. "ಸುಳ್ಳ ಹಾಕೂದು ನನ್ನ ಕೈಲೆ ಆಗಂಗಿಲ್ಲ" ಎಂದು ನನ್ನ ಕಡೆ ತಿರುಗಿ ಕನ್ನಡದಲ್ಲೇ ಅಂದರು.

ಮೆಟ್ಟಿಲವರೆಗೂ ಹಿಂದೆ ಓಡಿದೆ. ಅಲ್ಲಿ ನಿಂತು ನನ್ನನ್ನು ದಿಟ್ಟಿಸಿದರು.

"ನನ್ನ ಮ್ಯಾಲೆ ಕಣ್ಣಿಡಾಕ ನಿನ್ನ ಕೂಡಿಸಿದ್ರಂತ. ಹೌದೇನ?"

ನಾನು ಬಾಯಿ ತೆರೆದೆ. ಊರಿಗೆಲ್ಲ ಕಾದವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಇಳಿದು ಹೋಗಿಯೇಬಿಟ್ಟರು. ಮನೆಯಲ್ಲಿ ಯಜಮಾನರು ಮತ್ತೆ ನಕ್ಕರೋ ಏನೋ... ಯಜಮಾನರು ನಿವೃತ್ತರಾದ ಮೇಲೆ ಧಾರವಾಡಕ್ಕೆ ಹಿಂದಿರುಗಿದರು ಎಂದು ಕೇಳಿದೆ. ಆಮೇಲೆ, ಅಕ್ಕ ತೀರಿಕೊಂಡರು ಎಂದು.

ಮೊನ್ನೆ ಆ ನಿಪ್ಪಟ್ಟು ತಟ್ಟುತ್ತಿರುವಾಗಲೇ ಫೋನ್ ಬಂತು. ಯಾವುದೋ ಸಮೀಕ್ಷೆ, ಹಿಂದಿಯಲ್ಲಿ ಮಾತಾಡುವ ಎಳೆಯ ಹುಡುಗಿ. ಚುನಾವಣೆಯ ಸುದ್ದಿ ಎಷ್ಟು ಗಮನಿಸುತ್ತೀರಿ ಮೇಡಂ ಎಂದಳು. ಬೆಳಿಗ್ಗೆ ತಾನೇ ಪೇಪರ್ ಅನ್ನು ಎರಡು ಸಲ ಓದಿ, ಪ್ರತಿಯೊಬ್ಬ ಅಭ್ಯರ್ಥಿಯನ್ನೂ ಬೈದುಕೊಂಡವಳು ನಾನು. ಆದರೂ ಬಾಯಿಂದ ಬಂದದ್ದು, "ಅದೆಲ್ಲ ನಮ್ಮ ಮನೆಯವರಿಗೆ ಗೊತ್ತು."

"ಓಕೆ ಮೇಡಂ, ನಿಮ್ಮ ವಯಸ್ಸು?"

ಹಿಟ್ಟಿನ ಕೈಯಲ್ಲಿ ಫೋನ್ ಹಿಡಿದು ನಿಂತೆ. ನನ್ನ ಎರಡನೇ ಮಾತು ಇನ್ನೂ ಬರುವುದಿತ್ತು. ಅಕ್ಕ ಆಗಿದ್ದರೆ ಕಾಯುತ್ತಿದ್ದರು.