ಕಾಯಿಗಿಂತ ಮೊದಲೇ ಹೊರಟ ಕಾರು

ಬೆಳಕು ಹರಿಯುವ ಹೊತ್ತು. ಘಟಪ್ರಭಾದ ಷೋರೂಮಿನ ಮುಂದೆ ಉದ್ದವ್ವ ಹೊಸ ಎಲೆಕ್ಟ್ರಿಕ್ ಕಾರನ್ನು ಫಳಫಳ ಒರೆಸಿ ಮುಗಿಸಿದ್ದಾರೆ. ಬಡವರ ಕೈಗೂ ಎಟುಕುವ ಕಾರು ಎಂದು ಊರ ತುಂಬ ಬ್ಯಾನರ್ ಬಿದ್ದಿದೆ, ಮೊದಲ ಗಿರಾಕಿ ಇವತ್ತೇ ಬರುತ್ತಾರೆ. ಅರಿಸಿನದ ಭಂಡಾರ ಹಿಡಿದು ಬಾನೆಟ್ ಎತ್ತಿದ ಉದ್ದವ್ವ ಕಕ್ಕಾಬಿಕ್ಕಿ. ಭಂಡಾರ ಹಚ್ಚೋಣವೆಂದರೆ ಒಳಗೆ ಎಂಜಿನ್ನೇ ಇಲ್ಲ!

"ಇದರ ಜೀವ ಎಲ್ಲಿ ಐತ್ರಿ?" ಎಂದು ಸೇಲ್ಸ್‌ಮನ್ ಕರೆಪ್ಪನನ್ನು ಕೇಳುತ್ತಾರೆ. ಕೆಳಗೆ ಬ್ಯಾಟರಿಯಲ್ಲಿದೆ ಎಂದು ಅವನು ನೆಲ ತೋರಿಸುತ್ತಾನೆ. ಉದ್ದವ್ವನ ತಲೆ ಇನ್ನಷ್ಟು ಕೆಡುತ್ತದೆ.

ಇವರು ಕೊಣ್ಣೂರಿನವರು. ಲಾರಿ ಕ್ಲೀನರ್ ಆಗಿದ್ದ ಗಂಡ ಅಲ್ಲಪ್ಪ ತೀರಿಕೊಂಡ ಮೇಲೆ ಮೊದಲ ಬಸ್ಸಿಗೆ ಬಂದು ದಿನಕ್ಕೆ ಆರೇಳು ಗಾಡಿ ತೊಳೆಯುತ್ತಾರೆ. ಸೋಪಿನ ನೀರಿಗೆ ಬೆರಳು ಬಿರಿದಿವೆ. ಹೊಸ ಗಾಡಿಯ ಪೂಜೆಗೆ ಮಾಲೆ, ಭಂಡಾರ, ಗಾಲಿಗೊಂದು ಲಿಂಬೆಹಣ್ಣು ಜೋಡಿಸುವವರೂ ಇವರೇ. ಕಾಯಿ ಒಡೆಯುವ ಹೊತ್ತಿಗೆ ಮಾತ್ರ, ಗಂಡನಿಲ್ಲದವಳೆಂದು ತಾವೇ ಬದಿಗೆ ಸರಿಯುತ್ತಾರೆ. ಇವತ್ತಿನ ಪೂಜೆ ಎಡವಟ್ಟಾದರೆ ನಾಳೆಯಿಂದ ಬರಬೇಡ ಎಂದು ಮಾಲೀಕರು ನಿನ್ನೆಯೇ ಹೇಳಿದ್ದಾರೆ.

ಮೊದಲ ಗಿರಾಕಿ, ದಡ್ಡಿ ಊರಿನ ಕುರಿಗಾರ ಬೀರಸಿದ್ದಪ್ಪ ತಾಯಿ ಶೆಟ್ಟೆವ್ವನೊಂದಿಗೆ ಬಂದು ಸ್ಟೇರಿಂಗ್ ಮುಂದೆ ಕೂರುತ್ತಾರೆ. ಮೊದಲು ಕಾಯಿ, ಆಮೇಲೆ ಗಾಡಿ ಲಿಂಬೆಹಣ್ಣು ತುಳಿಯಬೇಕು, ಅದು ಪದ್ಧತಿ. ಕರೆಪ್ಪ ಆಗಲೇ ಗುಂಡಿ ಒತ್ತಿ ಚಾಲೂ ಮಾಡಿಟ್ಟಿದ್ದಾನೆ, ಸದ್ದಿಲ್ಲದ್ದರಿಂದ ಯಾರಿಗೂ ತಿಳಿದಿಲ್ಲ. ಮಾಲೀಕರು ಕಾಯಿ ಎತ್ತುವಷ್ಟರಲ್ಲಿ ಬೀರಸಿದ್ದಪ್ಪ ಸುಮ್ಮನೆ ಪೆಡಲ್ ಮೇಲೆ ಕಾಲಿಡುತ್ತಾರೆ. ಪಚಕ್! ನಾಲ್ಕೂ ಹಣ್ಣು ಅಪ್ಪಚ್ಚಿ.

"ಕಾಯಿ ಒಡಿಯೂಕಿಂತ ಮದಲ ಹೊಂಟ ಗಾಡಿ ನಮಗ ಬ್ಯಾಡ," ಎನ್ನುತ್ತಾರೆ ಶೆಟ್ಟೆವ್ವ.

ಮಾಲೀಕರು ಉದ್ದವ್ವನನ್ನು ದುರುಗುಟ್ಟಿ ನೋಡುತ್ತಾರೆ. ಕೆಲಸ ಹೋಯಿತು ಎಂದುಕೊಂಡೇ ಆಕೆ ಬಾಯಿ ಬಿಡುತ್ತಾರೆ: "ಯವ್ವಾ, ಸಂತ್ಯಾಗ ಕೊಂಡ ಎತ್ತು ತಾನ ಮನಿ ಹಾದಿ ಹಿಡದ್ರ ಅಪಶಕುನ ಅಂತೀರೇನ್ರಿ?"

ಶೆಟ್ಟೆವ್ವ ಕಾರಿಗೆ ಒಂದು ಸುತ್ತು ಬರುತ್ತಾರೆ. ಆಮೇಲೆ ಹೊಸ ಎತ್ತಿನ ಕಾಲಿಗೆ ಎರೆಯುವಂತೆ ಗಾಲಿಗೆ ತಂಬಿಗೆ ನೀರು ಎರೆದು, ಮುಂಭಾಗಕ್ಕೆ ಹಣೆಗೆ ಹಚ್ಚಿದ ಹಾಗೆ ಭಂಡಾರ ಹಚ್ಚುತ್ತಾರೆ. ಮಾಲೀಕರ ಕೈಯಿಂದ ಕಾಯಿ ಇಸಿದುಕೊಂಡು ಉದ್ದವ್ವನಿಗೆ ಕೊಡುತ್ತಾರೆ.

"ನೀನ ಒಡಿ ತಂಗಿ."

ಉದ್ದವ್ವ ಸೆರಗು ಸಿಕ್ಕಿಸಿ ಕಾಯಿ ಎತ್ತುತ್ತಾರೆ. ಒಂದೇ ಏಟಿಗೆ ಎರಡು ಹೋಳು.

ಕಾರು ದಡ್ಡಿಯ ದಾರಿ ಹಿಡಿದ ಮೇಲೆ ಇನ್ನೊಂದು ಕಾರು ಒರೆಸಬೇಕು. ಇದು ಚಾಲೂ ಇದೆಯೋ ಬಂದ್ ಆಗಿದೆಯೋ ತಿಳಿಯದೆ ಉದ್ದವ್ವ ಬಾನೆಟ್ ಮೇಲೆ ಕೈಯಿಟ್ಟು ನೋಡುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕರೆಪ್ಪ ಕೇಳಿದರೆ ನಗುತ್ತಾರೆ.

"ಇದರ ಕೊಳ್ಳಾಗ ಒಂದ್ ಗಂಟಿ ಕಟ್ಟಿ ಕಳಸಿದ್ರ ಸಾಕ್ರಿ. ಕಾಯಿ ಒಡ್ಯಾಕ ನಾ ಅದೇನಿ."