ಗ್ರಹಣ ಹಿಡಿದ ಕಂಪ್ಯೂಟರ್

ಮುಂಜಾನೆ ಏಳುವುದೆಂದರೆ ನಮ್ಮ ಕಂಪ್ಯೂಟರಿಗೆ ಎಲ್ಲಿಲ್ಲದ ಸಿಟ್ಟು. ಒಮ್ಮೆ ಎದ್ದಿತೆಂದರೆ ಸಂಜೆಯವರೆಗೆ ಎತ್ತಿನ ಹಾಗೆ ದುಡಿಯುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಎಬ್ಬಿಸುವಷ್ಟರಲ್ಲಿ ನನ್ನ ಅರ್ಧ ಜೀವ ಹೋಗುತ್ತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲೇ ನಾನೊಂದು ಡಿಟಿಪಿ ಅಂಗಡಿ ಇಟ್ಟಿದ್ದೆ. ಲಗ್ನಪತ್ರಿಕೆ, ಗಾಯನ ಕಾರ್ಯಕ್ರಮದ ಕರಪತ್ರ, ವಿಶ್ವವಿದ್ಯಾಲಯಕ್ಕೆ ಕೊಡುವ ಪ್ರಬಂಧ, ಕನ್ನಡದಲ್ಲಿ ಏನು ಬೇಕಾದರೂ ಟೈಪು ಮಾಡಿ ಅಚ್ಚು ತೆಗೆದುಕೊಡುತ್ತಿದ್ದೆ. ಮಷೀನು ಮಾತ್ರ ಹಳೆಯದು. ತಾರಿಹಾಳದ ಯಾವುದೋ ಕಾರ್ಖಾನೆಯ ಆಫೀಸಿನಲ್ಲಿ ಕಬ್ಬಿಣದ ಧೂಳು ಕುಡಿದು, ಮುಪ್ಪಿನ ಕಾಲಕ್ಕೆ ನಮ್ಮಲ್ಲಿಗೆ ಬಂದದ್ದು.

ಅದನ್ನು ಎಬ್ಬಿಸುವುದಕ್ಕೆ ಒಂದು ಪದ್ಧತಿಯೇ ಇತ್ತು. ಸ್ವಿಚ್ ಒತ್ತಿದೊಡನೆ ಪೀಂ ಪೀಂ ಎಂದು ಒದರುತ್ತಿತ್ತು. ಮುಚ್ಚಳ ತೆಗೆದು, ಒಳಗಿನ ಮೆಮೊರಿ ಪಟ್ಟಿಯನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂರಿಸಬೇಕು. ಆಮೇಲೆ ಪರದೆಯ ಮೇಲೆ ಒಂದು ಸೂಚನೆ ಬರುತ್ತಿತ್ತು: ಕೀಬೋರ್ಡ್ ಸಿಗುತ್ತಿಲ್ಲ, ಮುಂದೆ ಹೋಗಲು ಎಫ್-ಒನ್ ಒತ್ತಿ. ಕೀಬೋರ್ಡೇ ಇಲ್ಲದ ಮೇಲೆ ಎಫ್-ಒನ್ ಏನು ನನ್ನ ಹಣೆಯ ಮೇಲಿದೆಯೇ? ಎಡಮಗ್ಗುಲಿಗೆ ಒಂದು ಏಟು ಕೊಟ್ಟರೆ ಕೀಬೋರ್ಡು ಸಿಗುತ್ತಿತ್ತು. ಒಳಗಿನ ಪುಟ್ಟ ಬ್ಯಾಟರಿ ಸತ್ತಿದ್ದರಿಂದ ದಿನಾಲೂ ಅದಕ್ಕೆ ಇವತ್ತು ೧೯೮೦ರ ಜನವರಿ ಒಂದು ಎಂದೇ ಅನಿಸುತ್ತಿತ್ತು. ೧೯೮೦ರಲ್ಲಿ ನನ್ನ ಮದುವೆ ಇನ್ನೂ ಆಗಿರಲಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯ ಕಾಲವೇ. ಇಷ್ಟೆಲ್ಲ ಆದ ಮೇಲೆ ಬೆನ್ನಿನ ಫ್ಯಾನು ಗರ್ ಗರ್ ಎಂದು ನರಳುತ್ತ ತಿರುಗತೊಡಗಿದರೆ ಆವತ್ತಿನ ಅನ್ನ ಹುಟ್ಟಿದ ಹಾಗೆ.

ನಮ್ಮ ಅತ್ತೆ, ನನ್ನ ಗಂಡನ ತಾಯಿ, ಅದನ್ನು ‘ಆ ಡಬ್ಬಿ’ ಎನ್ನುತ್ತಿದ್ದರು. ಮಡಿಯ ಹೆಂಗಸು. ಡಬ್ಬಿಯ ಹತ್ತಿರ ಸುಳಿಯುತ್ತಿರಲಿಲ್ಲ, ಆದರೆ ದೂರದಿಂದ ಉಪದೇಶ ತಪ್ಪುತ್ತಿರಲಿಲ್ಲ.

“ಅದಕ್ಕ ಥಂಡಿ ಹತ್ಯದವಾ. ಈ ಮಳ್ಯಾಗ ಮನಶ್ಯಾರಿಗೇ ಏಳ್ಲಿಕ್ಕೆ ಆಗೂದಿಲ್ಲ. ಹೊಡಿಬ್ಯಾಡ ಅದನ್ನ.”

ಆ ಮಳೆಗಾಲದಲ್ಲಿ ನನ್ನ ಹತ್ತಿರ ಇದ್ದದ್ದು ಒಂದೇ ದೊಡ್ಡ ಕೆಲಸ. ಹತ್ತಿರದ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ಬಾಯಾರೊಬ್ಬರ ಪಿಎಚ್‌ಡಿ ಪ್ರಬಂಧ. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಬಾಯಾರು ಎನ್ನುವುದೇ ರೂಢಿ. ನಲವತ್ತು ದಾಟಿದ ಹೆಣ್ಣುಮಗಳು. ವರ್ಷಗಟ್ಟಲೆ ಪ್ರತಿ ರವಿವಾರ ಬಸ್ಸು ಹಿಡಿದು ಗರಗಕ್ಕೆ ಹೋಗಿ, ಖಾದಿ ನೂಲುವ ಹೆಣ್ಣುಮಕ್ಕಳ ಜೊತೆ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು ಬಂದಿದ್ದರು. ಕೊಡಬೇಕಾದ ಗಡುವು ಎರಡು ಸಲ ಮುಂದಕ್ಕೆ ಹೋಗಿತ್ತು. ಇನ್ನು ಹೋಗುವ ಹಾಗಿರಲಿಲ್ಲ. ಶುಕ್ರವಾರ ಸಂಜೆ ಐದರೊಳಗೆ ಪ್ರಬಂಧ ವಿಶ್ವವಿದ್ಯಾಲಯದ ಕಚೇರಿ ಮುಟ್ಟದಿದ್ದರೆ ಅವರ ಹೆಸರೇ ರದ್ದು, ಅಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ಮಾರ್ಗದರ್ಶಕರು ಕೊನೆಯ ಅಧ್ಯಾಯ ತಿದ್ದಿ ಕೊಟ್ಟದ್ದು ಬುಧವಾರ ಸಂಜೆ. ಗುರುವಾರ ಮುಂಜಾನೆ ನಾನು ತಿದ್ದುಪಡಿ ಹಾಕಿ ಮುಗಿಸಿದೆ. ಅಚ್ಚು ಹಾಕುವುದೊಂದೇ ಉಳಿದಿತ್ತು. ಆದರೆ ಅವತ್ತು ಮಧ್ಯಾಹ್ನದ ಮೇಲೆ ಸೂರ್ಯಗ್ರಹಣ. ಪಕ್ಕದಲ್ಲೇ ಕೂತಿದ್ದ ಬಾಯಾರು ಗ್ರಹಣ ಹಿಡಿಯುವ ಮೊದಲು ಮನೆ ಸೇರಲೇಬೇಕಿತ್ತು. ಅತ್ತೆ ಬೇರೆ ಎಲ್ಲ ಬಂದ್ ಮಾಡೆಂದು ಬೆನ್ನು ಹತ್ತಿದ್ದರು. ನಾಳೆ ಇಡೀ ದಿನ ಇದೆಯಲ್ಲ ಎಂದುಕೊಂಡು ಮಷೀನು ಬಂದ್ ಮಾಡಿ ಮುಸುಕು ಹಾಕಿದೆ.

ಶುಕ್ರವಾರ ಮುಂಜಾನೆ ಜಿಟಿಜಿಟಿ ಮಳೆ. ಬಾಯಾರು ಶಾಲೆಗೆ ರಜೆ ಹಾಕಿ, ಒದ್ದೆ ಸೆರಗು ಹಿಂಡಿಕೊಳ್ಳುತ್ತ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಆಶ್ಚರ್ಯವೆಂದರೆ ಮಷೀನು ಹೆಚ್ಚು ತಕರಾರಿಲ್ಲದೆ ಎದ್ದಿತು. ಪೀಂ ಎನ್ನಲಿಲ್ಲ, ಏಟು ಕೇಳಲಿಲ್ಲ. ಬೆನ್ನಿನ ನರಳಾಟ ಕೂಡ ಕೇಳಲಿಲ್ಲ. ಗ್ರಹಣ ಬಿಟ್ಟು ದೆಸೆ ತಿರುಗಿತು ಎಂದು ನಾನೇ ನಕ್ಕೆ. ಪ್ರಿಂಟರು ಒಂದೊಂದೇ ಹಾಳೆ ಉಗುಳತೊಡಗಿತು. ಮೊದಲ ಅಧ್ಯಾಯ ಮುಗಿಯುವಷ್ಟರಲ್ಲಿ ಪರದೆ ಪಟ್ಟನೆ ಕಪ್ಪಾಯಿತು.

ಕರೆಂಟು ಹೋಗಿರಲಿಲ್ಲ. ದೀಪ ಉರಿಯುತ್ತಲೇ ಇತ್ತು. ಮತ್ತೆ ಸ್ವಿಚ್ ಒತ್ತಿದೆ, ಮಿಸುಕಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಒತ್ತಿದರೆ ಎದ್ದಿತು, ನಾಲ್ಕಾರು ಹಾಳೆ ಕೊಟ್ಟು ಮತ್ತೆ ಕಣ್ಣು ಮುಚ್ಚಿತು. ಮೆಮೊರಿ ಪಟ್ಟಿ ತಿಕ್ಕಿದೆ. ಎಡಕ್ಕೆ ಹೊಡೆದೆ, ಬಲಕ್ಕೂ ಹೊಡೆದೆ. ಪ್ರತಿ ಸಲ ಅದು ಎದ್ದು ಕೂರುವ ಹೊತ್ತು ಕಡಿಮೆಯಾಗುತ್ತ ಬಂತು. ಆಮೇಲೆ ಆಮೇಲೆ ೧೯೮೦ನೇ ಇಸವಿ ತೋರಿಸಿ, ಅಲ್ಲಿಂದ ಮುಂದೆ ಬರಲಾರದೆ ಮಲಗತೊಡಗಿತು. ಸುಟ್ಟ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು.

ಪ್ರಬಂಧವನ್ನು ಫ್ಲಾಪಿಗೆ ಹಾಕಿ ಬೇರೆ ಅಂಗಡಿಗೆ ಒಯ್ಯೋಣವೆಂದರೆ ಅದೂ ಸಾಧ್ಯವಿರಲಿಲ್ಲ. ಆಗಿನ ಕನ್ನಡ ಸಾಫ್ಟ್‌ವೇರು ಒಂದೊಂದು ಅಂಗಡಿಯಲ್ಲಿ ಒಂದೊಂದು. ನನ್ನಲ್ಲಿ ಟೈಪು ಮಾಡಿದ್ದನ್ನು ಇನ್ನೊಬ್ಬರಲ್ಲಿ ತೆರೆದರೆ ಗರಗದ ಹೆಣ್ಣುಮಕ್ಕಳ ಮಾತೆಲ್ಲ ಕಾಗೆ ಕಾಲು ಗುಬ್ಬಿ ಕಾಲು ಆಗುತ್ತಿತ್ತು. ಹುಬ್ಬಳ್ಳಿಯ ಮೆಕ್ಯಾನಿಕ್‌ಗೆ ಫೋನು ಮಾಡಿದೆ. ಬಸ್ಸು ಹತ್ತುತ್ತೇನೆ ಎಂದ.

ಬಾಯಾರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬಂದಷ್ಟು ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸರಿಪಡಿಸುತ್ತ ಕೂತಿದ್ದರು. ನನಗೆ ತಡೆಯಲಾಗಲಿಲ್ಲ.

“ನಿಮ್ಮ ಯಜಮಾನ್ರಿಗೆ ಒಂದು ಫೋನ್ ಮಾಡ್ರಿ ಬಾಯಾರ. ಸ್ಕೂಟರ್ ತಗೊಂಡು ಬಂದು ತಯಾರಿರ್ಲಿ. ಕಡೀ ಘಳಿಗ್ಯಾಗ ಓಡಬೇಕಾಗ್ತದ.”

“ಬ್ಯಾಡ್ರಿ,” ಎಂದರು.

“ಅವರಿಗೆ ಇವತ್ತ ಕಡೀ ದಿನಾ ಅಂತ ಗೊತ್ತಿಲ್ಲೇನು?”

“ಗೊತ್ತೈತ್ರಿ. ಅದಕ್ಕ ಸಂಜಿ ಆಗೂದನ್ನ ಕಾಯಾಕತ್ತಾರ. ಇದು ತಪ್ಪಿತಂದ್ರ ಮುಂದ ಓದೂ ಮಾತ ಎತ್ತಬಾರದು ಅಂತ ನನ್ನ ಕಡಿಂದ ಆಣೆ ತಗೊಂಡಾರ.”

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ನನಗೆ ಆ ಮನುಷ್ಯನ ಮೇಲೆ ಬಂದ ಸಿಟ್ಟನ್ನು ಮಷೀನಿನ ಮೇಲೆ ತೀರಿಸಿಕೊಂಡೆ. ಬಡವನ ಸಿಟ್ಟು ದವಡೆಗೆ ಮೂಲ, ಕೈ ಬಾತುಕೊಂಡದ್ದು ನನ್ನದೇ.

ಮೆಕ್ಯಾನಿಕ್ ಬಂದಾಗ ಮಧ್ಯಾಹ್ನ ತಿರುಗಿತ್ತು. ಅವನು ಬಹಳ ಮಾತಿನ ಮನುಷ್ಯ. ಮುಚ್ಚಳ ಬಿಚ್ಚುವ ಮೊದಲೇ, ಮದರ್‌ಬೋರ್ಡು ಹೋಗಿದೆ, ಇನ್ನೊಂದು ಮಷೀನು ಕೊಳ್ಳುವುದೇ ಲೇಸು ಎಂದು ತೀರ್ಪು ಕೊಟ್ಟ. ಬಿಚ್ಚಿದ ಮೇಲೆ, ಅಲ್ಲ, ಪವರ್ ಸಪ್ಲೈ ಪೆಟ್ಟಿಗೆ ಕಾದು ಹಂಚಾಗಿದೆ ಎಂದ. ಪೆಟ್ಟಿಗೆಯನ್ನು ತಿರುಗಿಸಿ ಬೆನ್ನಿನ ಜಾಲರಿಗೆ ಟಾರ್ಚು ಹಿಡಿದು ನೋಡಿದ. ಚಿಮಟಿಯಿಂದ ಏನೋ ಎಳೆದ.

“ಅಕ್ಕಾರ, ಫ್ಯಾನಿನ ರೆಕ್ಕ್ಯಾಗ ಹುಲ್ಲ ಸಿಕ್ಕೈತಲ್ರಿ. ಇದ್ಹೆಂಗ ಬಂತ್ರಿ ಇಲ್ಲಿ?”

ಹುಲ್ಲಲ್ಲ. ದರ್ಭೆ. ಹಿಂದಿನ ದಿನ ಅಡುಗೆಮನೆಯಲ್ಲಿ ಹಾಲಿನ ಮೇಲೆ, ತುಪ್ಪದ ಮೇಲೆ, ಉಪ್ಪಿನಕಾಯಿಯ ಭರಣಿಯ ಮೇಲೆ ನಾನೇ ನೋಡಿದ್ದ ದರ್ಭೆ. ಗ್ರಹಣದ ದೋಷ ತಟ್ಟಬಾರದೆಂದು ಉಣ್ಣುವ ಪದಾರ್ಥಕ್ಕೆಲ್ಲ ಅತ್ತೆ ಅದನ್ನು ಹಾಕುವುದು ಗೊತ್ತಿತ್ತು. ಡಬ್ಬಿಗೂ ಹಾಕುತ್ತಾರೆಂದು ಯಾರು ಕನಸು ಕಂಡಿದ್ದರು? ನಾನು ಅಡುಗೆಮನೆಯ ಬಾಗಿಲಿನತ್ತ ತಿರುಗಿದೆ. ಅತ್ತೆಯ ಮುಖ ಬಿಳಿಚಿಕೊಂಡಿತ್ತು.

“ನಾನs ಹಾಕಿದ್ದವಾ,” ಎಂದರು. “ಮ್ಯಾಲಿಟ್ರ ಜಾರಿ ಬೀಳ್ಲಿಕ್ಕತ್ತಿತ್ತು. ಹಿಂದ ಸಂದಿ ಕಂಡ್ತು, ಸಿಗಿಸಿದೆ. ತಗೀಲಿಕ್ಕೆ ಮರ್ತೆ.”

“ಅದೇನ ಉಪ್ಪಿನಕಾಯೇನ್ರಿ ಅತ್ಯಾ?” ನನ್ನ ದನಿ ಏರಿತ್ತು.

“ಹಾಲಿಗೆ ಹಾಕ್ತೀವಿ, ಅಕ್ಕಿಗೆ ಹಾಕ್ತೀವಿ. ಈ ಮನಿಗೆ ಅದೂ ಅನ್ನಾ ಹಾಕ್ಲಿಕ್ಕತ್ತದಲಾ.”

ಮೆಕ್ಯಾನಿಕ್ ನಗು ತಡೆಯಲಾರದೆ ಗೋಡೆಯ ಕಡೆ ಮುಖ ಮಾಡಿದ. ಬಾಯಾರು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ, ಗಡಿಯಾರ ನೋಡಿದರು. ಮೊದಲೇ ನರಳುತ್ತಿದ್ದ ಫ್ಯಾನು ದರ್ಭೆಯೊಂದಿಗೆ ಗುದ್ದಾಡಿ ಪೂರಾ ಸತ್ತಿತ್ತು. ಹೊಸದು ಹುಬ್ಬಳ್ಳಿಯಿಂದ ಬರಬೇಕು, ರಾತ್ರಿಯಾಗುತ್ತದೆ ಎಂದ ಮೆಕ್ಯಾನಿಕ್. ಪೆಟ್ಟಿಗೆ ಕಾಯದಂತೆ ಗಾಳಿ ಹಾಕಿದರೆ ನಡೆದರೂ ನಡೆಯಬಹುದು, ಆದರೆ ತಾನು ಜವಾಬ್ದಾರನಲ್ಲ ಎಂದೂ ಸೇರಿಸಿದ. ನಾನು ಟೇಬಲ್ ಫ್ಯಾನು ತಂದು ಹಚ್ಚಿದೆ. ಪ್ರಿಂಟರು, ಫ್ಯಾನು ಎರಡೂ ಒಟ್ಟಿಗೆ ಶುರುವಾದೊಡನೆ ವೋಲ್ಟೇಜು ಕುಸಿದು, ದೀಪ ಮಂಕಾಗಿ, ಮಷೀನು ಮತ್ತೆ ೧೯೮೦ಕ್ಕೆ ಹೋಗಿ ಕೂತಿತು. ನನಗೆ ಅಳುವೇ ಬಂತು.

ಆಗ ಅತ್ತೆ ಒಳಗಿನಿಂದ ಬೀಸಣಿಕೆ ತಂದರು. ಮಡಿಯನ್ನು ಗೂಟಕ್ಕೆ ಹಾಕಿದವರಂತೆ ಸೀರೆ ಎತ್ತಿ ಕಟ್ಟಿ, ಡಬ್ಬಿಯ ಬೆನ್ನಿಗೆ ಮಣೆ ಹಾಕಿಕೊಂಡು ಕೂತು ಬೀಸತೊಡಗಿದರು.

“ಹಚ್ಚವಾ,” ಎಂದರು.

ಹಚ್ಚಿದೆ. ಮಷೀನು ಎದ್ದಿತು. ಹಾಳೆಗಳು ಬರತೊಡಗಿದವು. ನಾನು ಪರದೆಯ ಮುಂದೆ, ಬಾಯಾರು ಪ್ರಿಂಟರಿನ ಮುಂದೆ, ಅತ್ತೆ ಹಿಂದೆ. ಬೀಸಣಿಕೆಯ ಸಪ್ಪಳ ಸ್ವಲ್ಪ ನಿಧಾನವಾದರೂ ನಾನು ತಿರುಗಿ ನೋಡುತ್ತಿದ್ದೆ. ಕೈ ಬದಲಾಯಿಸೋಣ ಬರ್ರಿ ಅಮ್ಮಾರ ಎಂದು ಬಾಯಾರು ಎದ್ದರೆ, ಅತ್ತೆ ಕಣ್ಣಿನಲ್ಲೇ ಗದರಿಸಿ ಕೂರಿಸಿದರು. ಹಾಳೆ ನೋಡಿಕೊಳ್ಳುವುದು ನಿಮ್ಮ ಕೆಲಸ, ಗಾಳಿ ನನ್ನದು ಎಂಬಂತೆ. ಮೆಕ್ಯಾನಿಕ್ ಕೂಡ ಬಸ್ಸು ಬಿಟ್ಟು ನೋಡುತ್ತ ನಿಂತುಬಿಟ್ಟ. ಎರಡನೇ ಅಧ್ಯಾಯ ಮುಗಿಯಿತು, ಮೂರನೆಯದು ಮುಗಿಯಿತು. ಕೊನೆಯ ಅಧ್ಯಾಯದ ನಡುವೆ ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಾಗ ನಾನು ಬೈದ ಬೈಗುಳವನ್ನು ಅತ್ತೆ ಕೇಳಿಸಿಕೊಳ್ಳದವರಂತೆ ಇದ್ದರು. ಅದೂ ಅವರ ಉಪಕಾರವೇ.

ಗ್ರಂಥಸೂಚಿಯ ಕೊನೆಯ ಹಾಳೆ ಹೊರಬಂದಾಗ ಮೂರೂವರೆ. ಇನ್ನು ಉಳಿದದ್ದು ಕೃತಜ್ಞತೆಯ ಪುಟ ಒಂದೇ. ಅದನ್ನು ಅಚ್ಚಿಗೆ ಕೊಡುವಷ್ಟರಲ್ಲಿ ಮಷೀನು ಟಕ್ ಎಂದಿತು, ಆರಿತು. ಈ ಸಲ ಹೊಗೆಯೂ ಬಂತು. ಆ ಪುಟವನ್ನು ನಾನೇ ಟೈಪು ಮಾಡಿದ್ದೆ, ಅದರ ಮೊದಲ ಸಾಲು ಬಾಯಿಪಾಠವಾಗಿತ್ತು: ‘ನನ್ನ ಅಧ್ಯಯನಕ್ಕೆ ನಿರಂತರ ಪ್ರೋತ್ಸಾಹ ನೀಡಿದ ನನ್ನ ಪತಿಯವರಿಗೆ’.

“ಕೈಲೆ ಬರದ ಬಿಡ್ರಿ ಬಾಯಾರ. ಒಂದ ಪುಟಾ ಅಲ್ಲೇನು,” ಎಂದೆ.

ಬಾಯಾರು ಹಾಳೆಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಸೇರಿಸುತ್ತಿದ್ದವರು ನನ್ನತ್ತ ನೋಡಿದರು.

“ಅದು ಇಲ್ಲದಿದ್ರೂ ತಗೋತಾರ್ರಿ,” ಎಂದು ಹೇಳಿ ಮಳೆಯಲ್ಲೇ ಹೊರಟರು. ಜೆರಾಕ್ಸು ಆಗಬೇಕು, ಬೈಂಡಿಂಗ್ ಆಗಬೇಕು, ಆಮೇಲೆ ಗುಡ್ಡದ ಮೇಲಿನ ಕಚೇರಿ. ಆಟೋ ಮಾಡಿಕೊಟ್ಟು ಬರಲು ಮೆಕ್ಯಾನಿಕ್ ಕೊಡೆ ಹಿಡಿದು ಹಿಂದೆಯೇ ಓಡಿದ.

ಆಮೇಲಿನ ಹೊತ್ತು ನಾನೂ ಅತ್ತೆಯೂ ಹೇಗೆ ಕಳೆದೆವೋ! ಐದು ಬಡಿಯಿತು. ಬಾಯಾರ ಮನೆಯಲ್ಲಿ ಫೋನಿತ್ತು, ಆದರೆ ಅಲ್ಲಿಗೆ ಮಾಡುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಅತ್ತೆ ದೇವರ ಮುಂದೆ ಹೋಗಿ ಕೂತರು, ಎದ್ದು ಬಂದರು, ಮತ್ತೆ ಹೋದರು. ‘ತಪ್ಪಿದ್ರ ಆ ಪಾಪ ನಂದs’ ಎಂದು ಒಮ್ಮೆ ತಮ್ಮಷ್ಟಕ್ಕೇ ಅಂದದ್ದು ಕೇಳಿಸಿತು. ನನಗೂ ಹಾಗೇ ಅನಿಸಿತ್ತು, ಆದರೆ ಆ ಮುಖ ನೋಡಿ ಸುಮ್ಮನಿದ್ದೆ.

ದೀಪ ಹಚ್ಚುವ ಹೊತ್ತಿಗೆ ಗೇಟು ಸಪ್ಪಳವಾಯಿತು. ಬಾಯಾರು. ಮೈಯೆಲ್ಲ ಒದ್ದೆ. ಕೈಯಲ್ಲಿ ಚೀಲ ಇರಲಿಲ್ಲ.

“ತಗೊಂಡ್ರು,” ಎಂದರು. “ಬಾಗಲಾ ಹಾಕಾಕತ್ತಿದ್ರು. ತಗೊಂಡ್ರು.”

ಅತ್ತೆ ನೆಲದ ಮೇಲೆಯೇ ಕೂತುಬಿಟ್ಟರು. ಅಲ್ಲಿಂದಲೇ ಕೇಳಿದರು: “ಮನೀಗೆ ಹೋಗಿ ಹೇಳಿ ಬಂದ್ರೇನು?”

“ಇಲ್ರಿ ಅಮ್ಮಾರ. ಹೇಳಿದ್ರ ಮಾರಿ ಸಣ್ಣದ ಮಾಡ್ತಾರ. ಅದನ್ನ ನೋಡೂದು ನಾಳಿಗಿರ್ಲಿ. ಇವತ್ತೊಂದಿನಾ ಖುಷೀಲೆ ಇರ್ತೇನಿ.”

ಅತ್ತೆ ಎದ್ದು ಒಳಗೆ ಹೋಗಿ ತಾಟು ಹಾಕಿದರು. ಮುಂಜಾನೆಯಿಂದ ಬಾಯಾರು ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ ಎನ್ನುವುದು ಅತ್ತೆಗಷ್ಟೇ ನೆನಪಿತ್ತು. ಅನ್ನ ಬಡಿಸಲು ಹೋದರೆ ಬೀಸಿ ಬೀಸಿ ಸೋತ ಅವರ ಬಲಗೈ ಮೇಲೇಳಲಿಲ್ಲ. ಎಡಗೈಯಲ್ಲಿ ಬಡಿಸಿದರೆ ಎಂಥವರನ್ನೂ ಗದರಿಸಿ ಹೊರಗೆ ಕಳಿಸುತ್ತಿದ್ದ ಹೆಂಗಸು, ಒಂದು ಗಳಿಗೆ ನಿಂತು, ಸೌಟನ್ನು ಎಡಗೈಗೆ ತೆಗೆದುಕೊಂಡು ಬಡಿಸಿದರು. ಬಾಯಾರು ಅದನ್ನು ನೋಡಲೂ ಇಲ್ಲ. ಹಸಿದಿದ್ದರು, ಉಂಡರು.