ಎರಡು ಸೀಟಿನ ಗಾಡಿಯ ಪಾಳಿ

ನಮ್ಮ ಅತ್ತೆ ಆರತಿ ತಟ್ಟೆ ಹಿಡಿದು ಹೊಸ ಗಾಡಿಗೆ ಎರಡು ಸುತ್ತು ಹಾಕಿದರು. ಮೊದಲನೆಯದು ಪೂಜೆಯ ಸುತ್ತು. ಎರಡನೆಯದು ಹಿಂದಿನ ಬಾಗಿಲು ಎಲ್ಲಿದೆಯೆಂದು ಹುಡುಕುವ ಸುತ್ತು. ಇದ್ದರಲ್ಲವೇ ಸಿಗುವುದು! ನಾನು ಕೊಂಡದ್ದು ಎರಡೇ ಸೀಟಿನ ಪುಟ್ಟ ಕರೆಂಟ್ ಗಾಡಿ. ಮುಂದೆ ಇಬ್ಬರು ಕೂತರೆ ಮುಗಿಯಿತು, ಹಿಂದೆ ಒಂದು ತರಕಾರಿ ಚೀಲ ಇಡುವಷ್ಟು ಜಾಗ.

ಹುಚ್ಚಿಗೆ ಕೊಂಡದ್ದಲ್ಲ. ಮನೆ ಸಿಂಧನೂರಿನ ಹಳೆಯ ಓಣಿಯಲ್ಲಿ, ಟೀಚರ್ ಕೆಲಸ ಊರಾಚೆಯ ಆರ್.ಎಚ್. ಕ್ಯಾಂಪ್ ಎಂಬ ನಿರಾಶ್ರಿತರ ಕಾಲೊನಿಯ ಶಾಲೆಯಲ್ಲಿ. ಹಿಂದಿನ ಸುಗ್ಗಿಯಲ್ಲಿ ಕ್ಯಾಂಪಿನ ಹತ್ತಿರ ರಸ್ತೆಯ ಮೇಲೆ ಒಣಹಾಕಿದ್ದ ಭತ್ತದ ಮೇಲೆ ಸ್ಕೂಟಿ ಜಾರಿ ಕೈ ಮುರಿದುಕೊಂಡೆ. ಪಟ್ಟಿ ಬಿಚ್ಚಿದ ದಿನವೇ ಎರಡು ಗಾಲಿಯ ಸಹವಾಸ ಸಾಕು ಎಂದೆ. ದೊಡ್ಡ ಕಾರು ನಮ್ಮ ಓಣಿಗೆ ಬಂದರೆ ಹೊರಗೆ ಹೋಗಲು ಅರ್ಧ ಓಣಿ ಕೂಗಿ ದಾರಿ ತೋರಿಸಬೇಕು. ಇದು ಕಟ್ಟೆಯ ಪಕ್ಕಕ್ಕೆ ಒತ್ತಿ ನಿಲ್ಲುತ್ತದೆ, ಕಿಟಕಿಯಿಂದ ಬಿಟ್ಟ ವೈರ್‌ನಲ್ಲೇ ಚಾರ್ಜ್ ಆಗುತ್ತದೆ. ಓಣಿಯವರು ನಗುವಷ್ಟು ನಕ್ಕರು. "ಟೀಚರ್ರ, ಉಳಿದರ್ಧ ಯಾವಾಗ ಬರ್ತೈತ್ರಿ?" ಎಂದಳು ಎದುರು ಮನೆಯಾಕೆ. ನಾನೂ ನಕ್ಕೆ.

ನಗದೇ ಇದ್ದವರು ಅತ್ತೆ ಒಬ್ಬರೇ. ತಪ್ಪು ನನ್ನದು. ಹೊಸ ಗಾಡಿ ಬಂದರೆ ಮನೆಯ ಹಿರಿಯರನ್ನು ಮೊದಲು ಕೂರಿಸಿ, ಗಾಲಿಯ ಕೆಳಗಿನ ನಿಂಬೆಹಣ್ಣು ಒಡೆಸಿ, ಒಂದು ಸುತ್ತು ಹೋಗಿಬರುವುದು ನಮ್ಮ ಕಡೆಯ ರೀತಿ. ನನಗೋ ಹೊಸದಾಗಿ ಕಲಿತ ಡ್ರೈವಿಂಗ್, ಅಂಜಿಕೆ ಬೇರೆ. ಧೈರ್ಯಕ್ಕೆಂದು ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕೂ ನಿಂಬೆಹಣ್ಣು ಪಚಕ್ ಅನ್ನಿಸಿ ಹೋಗೇಬಿಟ್ಟೆ. ತಿರುಗಿ ಬಂದಾಗ ಅತ್ತೆ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ದೀಪ ಆರಿತ್ತು.

"ಇಬ್ಬರ ಮನಿ ಮಾಡೀರಿ. ಚಲೋ ಆತು," ಎಂದು ಒಳಗೆ ಹೋದರು.

ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ರೊಟ್ಟಿ ಬಡಿದವರು ನಾವು. ಆ ಮಾತು ಎದೆಗೇ ನಾಟಿತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿಮ್ಮ ಮಗನ್ನ ಕರ್ಕೊಂಡು ಬ್ಯಾರೆ ಹೋಗಾಕ ನನಗ ಈ ಡಬ್ಬಿ ಬೇಕಾಗಿತ್ತೇನ್ರೀ?" ಎಂದುಬಿಟ್ಟೆ. ಅಂದಿನಿಂದ "ಬರ್ರೀ ಅತ್ತಿ, ಮಠಕ್ಕ ಬಿಡ್ತೀನಿ" ಎಂದರೆ "ಮೊಣಕಾಲು ಮಡಚೂದಿಲ್ಲ" ಎನ್ನುವರು. ಅದೇ ಮೊಣಕಾಲಲ್ಲಿ ಅರ್ಧ ತಾಸು ನಡೆದೇ ಹೋಗುವರು.

ಇತ್ತ ಖಾಲಿ ಸೀಟಿನ ಕಾಟ ಬೇರೆ. ನಮ್ಮೂರಲ್ಲಿ ಗುರುತಿನವರು ಕಂಡರೆ ಗಾಡಿ ನಿಲ್ಲಿಸಲೇಬೇಕು. ಆದರೆ ಇರುವುದು ಒಂದೇ ಸೀಟು! ಒಂದು ದಿನ ಓಣಿಯ ತುದಿಯಲ್ಲಿ ನೆಗೆಣ್ಣಿಯರಿಬ್ಬರು ನಿಂತಿದ್ದರು, ಒಂದೇ ಮನೆಯ ಅಣ್ಣತಮ್ಮಂದಿರ ಹೆಂಡತಿಯರು. ಹಿರಿಯಳಿಗೆ ಹಲ್ಲುನೋವು, ಅವಳನ್ನು ಹತ್ತಿಸಿಕೊಂಡೆ. ಸಂಜೆಯಿಂದಲೇ ಕಿರಿಯಳು ನಮಗೆ ಮೊಸರು ಕೊಡುವುದನ್ನು ನಿಲ್ಲಿಸಿದಳು. ಮರುವಾರ ಇನ್ನೊಬ್ಬರ ತಕರಾರು. ಕೊನೆಗೆ ಒಂದು ದಿನ ಹೆಂಗಸರೆಲ್ಲ ನಮ್ಮ ಕಟ್ಟೆಯ ಮುಂದೆ ಜಗಳಕ್ಕೇ ನಿಂತರು.

ಆಗ ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದರು. ಅವರ ತವರು ತುರ್ವಿಹಾಳ. ಕಾಲುವೆ ನೀರು ಒಂದೇ, ಗದ್ದೆಗಳು ಹತ್ತಾರು. ಯಾರ ಗದ್ದೆಗೆ ಯಾವ ದಿನ ನೀರು ಎಂದು ಪಾಳಿ ಹಚ್ಚುವ ಕೆಲಸ ಅವರಪ್ಪನದಾಗಿತ್ತು. ಕೊನೆಯ ಗದ್ದೆಗೆ ನೀರು ಮುಟ್ಟಿದರೇ ಪಾಳಿ ಮುಗಿದಂತೆ ಎಂದು ಅವರಪ್ಪ ಹೇಳುತ್ತಿದ್ದ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ.

"ಖಾಲಿ ಸೀಟಂದ್ರ ಕಾಲುವಿ ನೀರಿದ್ದಂಗ. ಪಾಳಿ ಇಲ್ಲಂದ್ರ ಬಡದಾಟ ಆಗೂದ. ತಗೊಂಬಾ ಕ್ಯಾಲೆಂಡರ್," ಎಂದರು.

ಓಣಿಯಲ್ಲಿ ಏಳು ಮನೆ, ವಾರಕ್ಕೆ ಏಳು ದಿನ. ಸೋಮವಾರ ಎದುರು ಮನೆ. ಮಂಗಳವಾರ ನೆಗೆಣ್ಣಿಯರ ಮನೆ. ಇಬ್ಬರಲ್ಲಿ ಯಾರೆಂಬುದು ಅವರದೇ ತಲೆನೋವು. ಪಾಳಿಯ ದಿನ ಬೆಳಿಗ್ಗೆ ಆ ಮನೆಯ ಒಬ್ಬರು ನನ್ನ ಜೊತೆ ಕೂತು ಬಜಾರಿಗೋ ಆಸ್ಪತ್ರೆಗೋ ಬಸ್ ಸ್ಟ್ಯಾಂಡಿಗೋ ಇಳಿಯಬಹುದು. ಎಲ್ಲರೂ ಒಪ್ಪಿದರು. ಕಾಲುವೆ ಸೀಮೆಯವರಿಗೆ ಪಾಳಿಯ ಮುಂದೆ ಬೇರೆ ಮಾತಿಲ್ಲ. ನಿಂತಿದ್ದ ಮೊಸರು ಮರುದಿನವೇ ಬಂತು.

ಎಲ್ಲರೂ ಹೋದ ಮೇಲೆ ಕ್ಯಾಲೆಂಡರ್ ನೋಡಿದೆ. ನಮ್ಮ ಮನೆಯ ಪಾಳಿಯನ್ನು ಅತ್ತೆ ರವಿವಾರಕ್ಕೆ ಬರೆಸಿದ್ದರು. ಶಾಲೆ ಇಲ್ಲದ ದಿನ, ಗಾಡಿ ಹೊರಡದ ದಿನ. ಕೇಳಿದರೆ, "ಪಾಳಿ ಹಚ್ಚೋರು ತಮ್ಮ ಹೊಲ ಕೊನಿಗೆ ಇಟ್ಕೋಬೇಕು," ಎಂದರು. ಇದು ನ್ಯಾಯವಲ್ಲ, ಮುನಿಸು ಎಂದು ನನಗೆ ತಿಳಿಯದೇ?

ಜಿದ್ದಿಗೆ ನಾನೇನು ಕಡಿಮೆ! ಪ್ರತಿ ರವಿವಾರ ಬೆಳಿಗ್ಗೆ ಗಾಡಿ ತೊಳೆದು, ಎಡಗಡೆಯ ಬಾಗಿಲು ತೆರೆದಿಟ್ಟು, ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತೆ. "ಬಾಗಲಾ ಹಾಕ ಬೇ, ಧೂಳು ಹೊಕ್ಕೈತಿ," ಎಂದು ಒಳಗಿನಿಂದ ಕೂಗುವರು. ನಾನು ಹಾಕಲಿಲ್ಲ. ಐದು ರವಿವಾರ ಹೀಗೇ ಹೋದವು. ಐದನೆಯ ದಿನ ಬಚ್ಚಲಿನಲ್ಲಿ ನಿಂತು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಆರನೆಯ ರವಿವಾರ ಮಸ್ಕಿಯಲ್ಲಿ ಅತ್ತೆಯ ತಂಗಿಯ ಮನೆಯ ಮದುವೆ. ಮೊಣಕಾಲಿನ ನೆಪ ಹೇಳಿ ಬರುವುದಿಲ್ಲ ಎಂದಿದ್ದರು. ನನ್ನ ಗಂಡ ವಾರವಿಡೀ ಲಿಂಗಸುಗೂರಿನ ಆಫೀಸಿಗೆ ಬಸ್ಸಿನಲ್ಲಿ ಜೋತುಬಿದ್ದು ಹೋಗುವವರು. ಅಂದಾದರೂ ಆರಾಮಾಗಿ ಹೋಗೋಣವೆಂದು ಇಸ್ತ್ರಿ ಅಂಗಿ ತೊಟ್ಟು ಬಂದು ಗಾಡಿಯಲ್ಲಿ ಕೂತೇಬಿಟ್ಟರು.

"ಇಳೀರಿ. ಇವತ್ತ ನಮ್ಮ ಮನಿ ಪಾಳಿ. ಮನ್ಯಾಗ ಹಿರೇರು ಅದಾರ," ಎಂದೆ.

"ಯವ್ವ ಬರಂಗಿಲ್ಲಂತ ಹೇಳ್ಯಾಳಲ್ಲ!"

"ಅವ್ರು ಬರೋಮಟ ಗಾಡಿ ನಿಂತಿರ್ತೈತಿ. ನೀವು ಬಸ್ಸಿಗೆ ಹೋಗ್ರಿ."

ಗೊಣಗುತ್ತಾ ಬಸ್ ಸ್ಟಾಪಿನ ಕಡೆ ನಡೆದರು. ಕಿಟಕಿಯಿಂದ ನೋಡುತ್ತಿದ್ದ ಅತ್ತೆ ದಡದಡ ಹೊರಗೆ ಬಂದರು. "ತಲಿಗಿಲಿ ಕೆಟ್ಟೈತೇನ್ ಬೇ ನಿನಗ? ತಾ ತಗೊಳ್ಳದಿದ್ರ ಪಾಳಿ ಮುಂದಿನವ್ರಿಗೆ ಬಿಡಬೇಕು!"

"ಐತಾರದ ಮುಂದ ಯಾರದಾರ ಅತ್ತಿ? ನೀವ ಕೊನೀ ಹೊಲ. ಅಲ್ಲಿಗೆ ನೀರು ಮುಟ್ಟೂಮಟ ಪಾಳಿ ಮುಗಿಯೂದಿಲ್ಲಂತ ಹೇಳಿದವ್ರು ನಿಮ್ಮಪ್ಪ, ನಾನಲ್ಲ." ಎಡಗಡೆಯ ಬಾಗಿಲು ತೆರೆದು ಹಿಡಿದೆ. "ಅವತ್ತ ನಿಮ್ಮನ್ನ ಬಿಟ್ಟು ಹೋಗಿದ್ದು ನಂದ ತಪ್ಪು ರೀ. ಅಂಜಿಕಿಯಾಗ ಮರತೆ. ಇನ್ನೆಷ್ಟು ದಿನ ಕಾಯಿಸ್ತೀರಿ?"

ಅತ್ತೆ ನನ್ನ ಮುಖವನ್ನೇ ನೋಡಿದರು. ತಿರುಗಿ ಒಳಗೆ ಹೋದರು. ಟ್ರಂಕಿನ ಸದ್ದಾಯಿತು. ಹೊರಗೆ ಬಂದಾಗ ಮದುವೆಯ ಸೀರೆ ಉಟ್ಟಿದ್ದರು, ಮಡಿಲಲ್ಲಿ ನಾಲ್ಕು ನಿಂಬೆಹಣ್ಣು.

"ಅವತ್ತಿಂದು ಪೂಜಿ ಅಲ್ಲ. ಇಡು ಗಾಲಿ ಕೆಳಗ," ಎಂದರು. ಮಡಚದ ಮೊಣಕಾಲು ಮಡಚಿ ಎಡಗಡೆಯ ಸೀಟಿನಲ್ಲಿ ಕೂತರು.

ಸ್ಟಾಪಿನಲ್ಲಿ ನಿಂತಿದ್ದ ನನ್ನ ಗಂಡ ನಮ್ಮನ್ನು ಕಂಡು ಖುಷಿಯಿಂದ ಕೈ ಮಾಡಿದರು. ನಾನು ಬ್ರೇಕಿನ ಮೇಲೆ ಕಾಲಿಟ್ಟೆ.

"ನಿಲ್ಲಿಸಬ್ಯಾಡ. ಎಲ್ಲಿ ಕುಂದರಸ್ತಿ ಅವನ್ನ?" ಎಂದರು ಅತ್ತೆ.

ಬಾಯಿ ತೆರೆದು ನಿಂತ ಅವರನ್ನು ಹಿಂದೆ ಬಿಟ್ಟು ಮಸ್ಕಿ ಮುಟ್ಟುವವರೆಗೂ ಇಬ್ಬರೂ ನಕ್ಕೆವು. ಅಲ್ಲಿ ಚಪ್ಪರದ ಮುಂದೆ ಗಾಡಿ ನಿಲ್ಲಿಸಿದರೆ ಮಂದಿ ಸುತ್ತುಗಟ್ಟಿದರು. ಅತ್ತೆಯ ತಂಗಿ ಒಂದು ಸುತ್ತು ಹಾಕಿ, ಹಿಂದಿನ ಬಾಗಿಲು ಹುಡುಕಿ, ಸಿಗದೆ ನಿಂತರು.

"ಎರಡ ಸೀಟೇನ ಅಕ್ಕಾ? ಮನೀ ಮಂದಿಗೆಲ್ಲಾ ಸಾಲತೈತೇನು ಇದು?"

ಅತ್ತೆ ನನ್ನ ಕೈ ಹಿಡಿದು ನಿಧಾನಕ್ಕೆ ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡರು.

"ಓಣಿ ಮಂದಿಗೆಲ್ಲಾ ಸಾಲತೈತಿ. ಪಾಳಿಯವ್ರು ಬರೋಮಟ ನಮ್ಮ ಸೊಸಿ ಬಾಗಲಾ ಹಾಕಂಗಿಲ್ಲ."